ಕೋಟೆಯೂ ಮಹಾಮಾರಿಯೂ



ಈ ಹೊತ್ತಿನ ವ್ಯಾಖ್ಯಾನದ ವಿಷಯವು ಹಳೆಯ ಊರುಗಳ ಕೋಟೆಗಳನ್ನೂ, ಆ ಕೋಟೆಗಳೊಳಗೆ ಪ್ಲೇಗೆಂಬ ಮಹಾಮಾರಿಯು ಹೊಕ್ಕ ಕಾಲಕ್ಕೆ ಜನರು ನಡೆದುಕೊಂಡ ರೀತಿಯನ್ನೂ ಕುರಿತುದಾಗಿರುತ್ತದೆ. ಯುದ್ಧದ ಕಥೆಗಳಲ್ಲಿ ಕೋಟೆಯ ಹೆಸರು ಮೇಲಿಂದ ಮೇಲೆ ಬರುತ್ತದೆ. ರೋಗದ ಕಥೆಯಲ್ಲಿ ಅದು ಬರುವುದು ವಿರಳ. ಆದರೂ ನಮ್ಮ ದೇಶದಲ್ಲಿ 1898ರಿಂದ 1918ರ ವರೆಗಿನ ಅವಧಿಯಲ್ಲಿ ಪ್ಲೇಗಿಗೆ ಬಲಿಯಾದವರ ಸಂಖ್ಯೆಯು ಒಂದು ಕೋಟಿಯನ್ನು ಮೀರಿತು. ಯಾವ ಕೋಟೆಯ ಮುತ್ತಿಗೆಯೂ ಇಷ್ಟು ಜನರನ್ನು ಕೊಂದುದಿಲ್ಲ. ಹೀಗಿರಲು, ಪ್ರಾಣರಕ್ಷಣೆಗೆಂದು ಕಟ್ಟಿದ ಗೋಡೆಯು ಪ್ರಾಣಾಂತಿಕ ರೋಗದ ಎದುರಿನಲ್ಲಿ ಏನು ಮಾಡಿತು, ಏನು ಮಾಡಲಾರದೆ ಹೋಯಿತು ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಮೊದಲು ಕೋಟೆಗಳ ವಿಷಯ. ಹಿರೇಬೆಂಡಿಗೇರಿಯ ಸುತ್ತಲಿನ ಈ ಸೀಮೆಯು ಕೋಟೆಗಳ ಸೀಮೆಯೆಂದರೆ ಅತಿಶಯೋಕ್ತಿಯಲ್ಲ. ಇದೇ ಶಿಗ್ಗಾಂವಿ ತಾಲೂಕಿನಲ್ಲಿರುವ ಬಂಕಾಪುರವು ನೃಪತುಂಗನ ಸಾಮಂತನಾಗಿದ್ದ ಬಂಕೆಯರಸನ ಹೆಸರನ್ನು ಹೊತ್ತ ಪುರಾತನ ನಗರ. ಅಲ್ಲಿಯ ಕೋಟೆಯನ್ನು ವಿಜಾಪುರದ ಅಲಿ ಆದಿಲಶಾಹನ ಸೈನ್ಯವು 1573ರ ಸುಮಾರಿಗೆ ಮುತ್ತಿ, ವರ್ಷಕ್ಕಿಂತ ಹೆಚ್ಚು ಕಾಲ ಕಾದು, ಆ ಮೇಲೆಯೇ ವಶಪಡಿಸಿಕೊಂಡಿತು. ಹಾನಗಲ್ಲು ಕದಂಬರ ರಾಜಧಾನಿಯಾಗಿ ಭದ್ರವಾದ ಕೋಟೆಯುಳ್ಳದ್ದಾಗಿತ್ತು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಅದಕ್ಕೆ ಮುತ್ತಿಗೆ ಹಾಕಿದ ಸಂಗತಿಯು ಪ್ರಸಿದ್ಧವಿದೆ. ನವಾಬರ ಸವಣೂರು ಕಂದಕದಿಂದ ಸುತ್ತುವರಿಯಲ್ಪಟ್ಟು, ಎಂಟು ಅಗಸಿಗಳನ್ನು ಹೊಂದಿದ್ದಿತು. ಹುಬ್ಬಳ್ಳಿಯಲ್ಲಿಯಾದರೋ, ಹಳೆಯ ಊರು ಸಾಲದೆ ಹೋಗಿ, ಸವಣೂರ ನವಾಬ ಮಜೀದಖಾನನ ಕಾಲದಲ್ಲಿ, 1727ರಲ್ಲಿ, ಬಸಪ್ಪಶೆಟ್ಟರೆಂಬವರು ಹೊಸ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದರು. ಆ ಕೋಟೆಯು ಹೋದರೂ ಅದರ ನೆನಪು ಇಂದಿಗೂ ‘ದುರ್ಗದ ಬೈಲು’ ಎಂಬ ಹೆಸರಿನಲ್ಲಿ ಉಳಿದಿರುತ್ತದೆ.

ದೊಡ್ಡ ಊರುಗಳ ಮಾತು ಹಾಗಿರಲಿ. ಸಣ್ಣ ಹಳ್ಳಿಗಳು ಸಹ ತಮ್ಮ ಶಕ್ತ್ಯಾನುಸಾರವಾಗಿ ಗೋಡೆ ಕಟ್ಟಿಕೊಂಡಿದ್ದವು. ಮಣ್ಣಿನ ಗೋಡೆ, ಅದಿಲ್ಲದಲ್ಲಿ ಕಂಟಿಯ ಬೇಲಿ, ಊರ ಮುಂದೆ ಅಗಸಿ, ಒಂದು ಮಗ್ಗುಲಿಗೆ ಎತ್ತರವಾದ ಹುಡೇವು, ಇವು ಬಯಲುಸೀಮೆಯ ಹಳ್ಳಿಯ ಲಕ್ಷಣಗಳಾಗಿದ್ದವು. ದೀಪ ಹಚ್ಚುವ ಹೊತ್ತಿಗೆ ಅಗಸಿಯ ಬಾಗಿಲು ಮುಚ್ಚುತ್ತಿತ್ತು, ತಳವಾರನು ಕಾವಲಿರುತ್ತಿದ್ದನು. ದಂಡು ಬಂದರೆ, ಪೆಂಢಾರರು ಬಂದರೆ, ಹೊಲದಲ್ಲಿದ್ದವರು ದನಕರು, ಮಕ್ಕಳುಮರಿಗಳೊಡನೆ ಓಡಿಬಂದು ಒಳಗೆ ಸೇರುತ್ತಿದ್ದರು. ಒಳಗಿದ್ದವನು ಬದುಕಿದನು, ಹೊರಗುಳಿದವನು ಕೆಟ್ಟನು. ಇದು ಅನೇಕ ತಲೆಮಾರುಗಳ ಅನುಭವ. ಆದುದರಿಂದಲೇ ‘ಊರು’ ಎಂದರೆ ಅಗಸಿಯ ಒಳಗಿನದು, ಅಭಯವೆಂದರೆ ಗೋಡೆಯ ಒಳಗಿನದು ಎಂಬ ಭಾವನೆಯು ಜನರ ಮನಸ್ಸಿನಲ್ಲಿ ಬೇರೂರಿತು.

ಆದರೆ ಈ ಅಭಯಕ್ಕೆ ಒಂದು ಬೆಲೆಯಿತ್ತು. ಎಲ್ಲರಿಗೂ ಗೋಡೆಯ ಒಳಗೇ ಮನೆ ಬೇಕು. ಗೋಡೆಯಾದರೋ ಬೆಳೆಯುವ ವಸ್ತುವಲ್ಲ. ಆದಕಾರಣ ಮನೆಗೆ ಮನೆ ಹತ್ತಿಕೊಂಡಿತು, ಓಣಿಗಳು ಒಂದು ಬಂಡಿ ಹೋಗುವಷ್ಟು ಮಾತ್ರ ಉಳಿದವು. ಕಳ್ಳರ ಭಯಕ್ಕಾಗಿ ಹೊರಗೋಡೆಗೆ ಕಿಟಕಿಯಿಲ್ಲ. ಮಣ್ಣಿನ ಮಾಳಿಗೆಯಲ್ಲಿ ಒಂದೆರಡು ಬೆಳಕಿಂಡಿಗಳು, ಅಷ್ಟೇ. ಎತ್ತುಗಳು ಮುಂದಿನ ಅಂಕಣದಲ್ಲಿ, ಜನರು ಹಿಂದಿನ ಅಂಕಣದಲ್ಲಿ, ಕಾಳುಕಡಿ ಕಣಜದಲ್ಲಿ ಮತ್ತು ಹಗೇವಿನಲ್ಲಿ. ಎರಡು ಮೊಳ, ಮೂರು ಮೊಳ ದಪ್ಪದ ಮಣ್ಣಿನ ಗೋಡೆಗಳು ಬೇಸಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಮನುಷ್ಯನಿಗೆ ಹಿತವಾದ ಆ ಗೋಡೆಯು ಇಲಿಗೂ ಹಿತವಾದುದೇ. ಕಾಳು ಸಮೀಪ, ಕತ್ತಲೆ ಸಾಕಷ್ಟು, ತೋಡುವುದಕ್ಕೆ ಮೆತ್ತಗಿನ ಮಣ್ಣು. ಹೀಗೆ ಮನುಷ್ಯನು ವೈರಿಯಿಂದ ತಪ್ಪಿಸಿಕೊಳ್ಳಲು ಕಟ್ಟಿದ ಊರು ತಿಳಿಯದೆಯೇ ಇಲಿಗಳ ಊರೂ ಆಯಿತು.

ಇಲ್ಲಿ ಪ್ಲೇಗಿನ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿದುಕೊಳ್ಳುವುದು ಅವಶ್ಯ. 1894ರಲ್ಲಿ ಹಾಂಗಕಾಂಗಿನಲ್ಲಿ ಯೆರ್ಸಿನ್ ಎಂಬ ವಿದ್ವಾಂಸನು ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. 1898ರಲ್ಲಿ ಕರಾಚಿಯಲ್ಲಿದ್ದ ಸಿಮೊಂಡ್ ಎಂಬ ಫ್ರೆಂಚ್ ವೈದ್ಯನು ಇಲಿಯಿಂದ ಇಲಿಗೂ, ಇಲಿಯಿಂದ ಮನುಷ್ಯನಿಗೂ ಅದನ್ನು ಒಯ್ಯುವುದು ಇಲಿಯ ಮೈಮೇಲಿನ ಚಿಗಟವೆಂದು ತೋರಿಸಿದನು. ಅವನ ಮಾತನ್ನು ಆಗ ಬಹುಜನರು ನಂಬಲಿಲ್ಲ. 1905ರಿಂದ ಮುಂದೆ ಮುಂಬಯಿಯಲ್ಲಿ ನಡೆದ ಪ್ರಯೋಗಗಳಿಂದಲೇ ಅದು ನಿಸ್ಸಂದೇಹವಾಯಿತು. ಮೊದಲು ಇಲಿಗಳು ಸಾಯುತ್ತವೆ. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟಗಳು ಅದನ್ನು ಬಿಟ್ಟು ಬೇರೆ ಬಿಸಿರಕ್ತವನ್ನು ಹುಡುಕುತ್ತವೆ; ಇಲಿಗಳೆಲ್ಲ ಸತ್ತಲ್ಲಿ ಸಿಕ್ಕುವುದು ಮನುಷ್ಯನ ರಕ್ತವೇ. ಕಚ್ಚಿದ ಕೆಲವು ದಿವಸಗಳೊಳಗಾಗಿ ವಿಪರೀತ ಜ್ವರ, ತೊಡೆಯ ಸಂದಿನಲ್ಲಾಗಲಿ ಕಂಕುಳಲ್ಲಾಗಲಿ ಗಡ್ಡೆ, ಬಾಯಿ ತೊದಲುವುದು, ಬಳಿಕ ಬಹುಜನರಿಗೆ ಮರಣ. ಚಿಗಟಕ್ಕೆ ತಂಪು ಬೇಕು, ತೇವ ಬೇಕು. ಒಣ ಬಿಸಿಲು ಅದಕ್ಕೆ ಆಗದು. ಆದುದರಿಂದ ನಮ್ಮ ಕಡೆಗೆ ಮಳೆಗಾಲದ ನಡುವಿನಿಂದ ಚಳಿಗಾಲದ ವರೆಗೆ ಈ ಬೇನೆಯ ಹಾವಳಿ, ಬೇಸಗೆ ಬಂದಂತೆ ಇಳಿತ. ಇಷ್ಟನ್ನು ತಿಳಿದರೆ ಕೋಟೆಯು ಯಾಕೆ ಸೋತಿತೆಂಬುದು ತಾನಾಗಿಯೇ ಹೊಳೆಯುತ್ತದೆ. ಕುದುರೆಯನ್ನೂ ಆನೆಯನ್ನೂ ತಡೆಯುವ ಗೋಡೆಯಲ್ಲಿ ಇಲಿಗೆ ದಾರಿ ಸಾವಿರ. ಹಗಲು ಅಗಸಿ ತೆರೆದಿರಲೇಬೇಕು. ಜೋಳದ ಚೀಲದೊಡನೆ, ಅರಳೆಯ ಅಂಡಿಗೆಯೊಡನೆ, ಬಟ್ಟೆಯ ಗಂಟಿನೊಡನೆ ಚಿಗಟವು ಬಂಡಿಯಲ್ಲಿ ಕುಳಿತುಕೊಂಡೇ ಒಳಗೆ ಬರುತ್ತದೆ.

ಕರ್ನಾಟಕದ ಕೋಟೆಗಳೊಳಗೆ ಅತ್ಯಂತ ಪ್ರಬಲವಾದವುಗಳಲ್ಲಿ ವಿಜಾಪುರದ್ದೊಂದು. ಸುಮಾರು 10 ಕಿಲೋಮೀಟರ್ ಸುತ್ತಳತೆಯ ಆ ಗೋಡೆಯು 1565ರ ಸುಮಾರಿಗೆ ಪೂರ್ತಿಯಾಯಿತು. ಒಬ್ಬೊಬ್ಬ ಸರದಾರನಿಗೆ ಒಂದೊಂದು ಭಾಗವನ್ನು ಕಟ್ಟಿಸಲು ಒಪ್ಪಿಸಿದ್ದರೆಂದು ಹೇಳುವರು. ಅಲ್ಲಲ್ಲಿ ಕಟ್ಟಡದ ರೀತಿ ಬೇರೆಯಾಗಿರುವುದು ಅದಕ್ಕೆ ಸಾಕ್ಷಿ. ಮುಂದೆ ಅಗಲವಾದ ಕಂದಕ, ಬುರುಜುಗಳ ಸಾಲು, ಷೇರ್ಜಾ ಬುರುಜಿನ ಮೇಲೆ ಮಲಿಕ್-ಏ-ಮೈದಾನವೆಂಬ ಮಹಾಫಿರಂಗಿ. ಇಂಥ ಕೋಟೆಯನ್ನು ಔರಂಗಜೇಬನ ಸೈನ್ಯವು ವರ್ಷಕ್ಕೂ ಮೇಲ್ಪಟ್ಟು ಮುತ್ತಿಕೊಂಡಿದ್ದು, 1686ರ ಸೆಪ್ಟೆಂಬರದಲ್ಲಿ ಸಿಕಂದರ ಆದಿಲಶಾಹನು ಶರಣಾಗತನಾದನು. ಗೋಡೆಗಿಂತ ಮುಂಚೆ ಅನ್ನ ಮುಗಿದಿತ್ತು.

ಗೆದ್ದ ಬಾದಶಹನು ಗೋಲಕೊಂಡೆಯನ್ನೂ ಗೆದ್ದು ತಿರುಗಿ ವಿಜಾಪುರಕ್ಕೆ ಬಂದನು. 1688ರಲ್ಲಿ ಅಲ್ಲಿ ಮಹಾಮಾರಿಯು ಎದ್ದಿತು. ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಗಡ್ಡೆ, ಉರಿಜ್ವರ, ಮತಿಭ್ರಮೆ ಎಂಬ ಲಕ್ಷಣಗಳನ್ನು ಆ ಕಾಲದ ಪಾರಸಿ ಚರಿತ್ರಕಾರರು ಬರೆದಿಟ್ಟಿರುವುದರಿಂದ ಅದು ಪ್ಲೇಗೇ ಎಂದು ಇತಿಹಾಸಜ್ಞರು ತಿಳಿಯುತ್ತಾರೆ. ಬಾದಶಹನ ಪತ್ನಿಯಾದ ಔರಂಗಾಬಾದಿ ಮಹಲ್ ಆ ವರ್ಷದ ನವೆಂಬರದಲ್ಲಿ ಅದಕ್ಕೆ ತುತ್ತಾದಳು. ಪ್ರಮುಖ ಸೇನಾನಿ ಫಿರೋಜಜಂಗನು ಜೀವದಿಂದುಳಿದರೂ ಕಣ್ಣುಗಳನ್ನು ಕಳೆದುಕೊಂಡನು. ಹಿಂದೂಸ್ಥಾನದ ಸಾರ್ವಭೌಮನು, ತಾನು ಅಷ್ಟು ಕಷ್ಟಪಟ್ಟು ಪಡೆದ ಕೋಟೆಯನ್ನು ಹಿಂದಕ್ಕೆ ಬಿಟ್ಟು, ಆ ವರ್ಷದ ಕೊನೆಗೆ ಡೇರೆಗಳನ್ನು ಕಿತ್ತುಕೊಂಡು ಬಯಲಿನ ದಾರಿ ಹಿಡಿದನು. ಆದಿಲಶಾಹನನ್ನು ಹೊರಗೆಳೆಯಲು ಲಕ್ಷ ಸೈನ್ಯ ಬೇಕಾಯಿತು. ಆಲಮಗೀರನನ್ನು ಹೊರಗೆ ಕಳಿಸಲು ಚಿಗಟ ಸಾಕಾಯಿತು.

ಇದಾಗಿ ಇನ್ನೂರು ವರ್ಷಗಳ ಮೇಲೆ ಅದೇ ರೋಗವು ಸಮುದ್ರಮಾರ್ಗವಾಗಿ ಬಂದಿತು. 1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿಯಲ್ಲಿ, ಧಾನ್ಯದ ವಖಾರಗಳ ಆ ಓಣಿಗಳಲ್ಲಿ, ಡಾಕ್ಟರ್ ವೀಗಾಸ್ ಎಂಬವರು ಅದನ್ನು ಗುರುತಿಸಿದರು. ಅಲ್ಲಿಂದ ಅದು ಉಗಿಬಂಡಿಯನ್ನೇರಿತು. ಹುಬ್ಬಳ್ಳಿಗೆ ರೇಲ್ವೆಯು ಬಂದು ಆಗ ಹೆಚ್ಚು ವರ್ಷಗಳಾಗಿದ್ದಿಲ್ಲ; ರೇಲ್ವೆಯ ಕಾರಖಾನೆ, ಅರಳೆಯ ವ್ಯಾಪಾರ, ಸುತ್ತಲಿನ ಹಳ್ಳಿಗಳಿಂದ ಬರುವ ಬಂಡಿಗಳು, ಇವುಗಳಿಂದ ಊರು ತುಂಬಿ ತುಳುಕುತ್ತಿತ್ತು. 1898ರ ಮಳೆಗಾಲದಲ್ಲಿ ಹುಬ್ಬಳ್ಳಿಯು ಅನುಭವಿಸಿದ ಸಂಕಟವು ಆ ಊರಿನ ಹಿರಿಯರ ಬಾಯಲ್ಲಿ ಬಹುಕಾಲ ಉಳಿಯಿತು. ಧಾರವಾಡ, ಗದಗು, ಬೆಳಗಾವಿ ಇವುಗಳೂ ತಪ್ಪಿಸಿಕೊಳ್ಳಲಿಲ್ಲ. ಅಲ್ಲಿಂದ ಮುಂದೆ ಅನೇಕ ವರ್ಷಗಳ ವರೆಗೆ ಒಂದು ಮಳೆಗಾಲದಲ್ಲಿ ಈ ಹಳ್ಳಿ, ಇನ್ನೊಂದು ಮಳೆಗಾಲದಲ್ಲಿ ಆ ಹಳ್ಳಿ ಎಂಬಂತೆ ರೋಗವು ಜಿಲ್ಲೆಯಲ್ಲಿ ಸುತ್ತಾಡಿತು. ಹುಬ್ಬಳ್ಳಿಯಿಂದಲೇ ಅದು 1898ರ ಆಗಸ್ಟದಲ್ಲಿ ರೇಲ್ವೆಯ ಮಾರ್ಗವಾಗಿ ಬೆಂಗಳೂರನ್ನು ಮುಟ್ಟಿತು.

ಸರಕಾರವು ಮೊದಲು ಮಾಡಿದ ಕೆಲಸವೆಂದರೆ ಹೊಸ ಬಗೆಯ ಕೋಟೆಯನ್ನು ಕಟ್ಟಿದುದು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆಯ ಮೇರೆಗೆ ಸ್ಟೇಶನ್ನುಗಳಲ್ಲಿ ಪ್ರಯಾಣಿಕರ ಮೈಮುಟ್ಟಿ ಪರೀಕ್ಷೆ, ಶಂಕೆ ಬಂದವರಿಗೆ ಕ್ವಾರಂಟೀನು, ಊರೊಳಗೆ ಮನೆ ಮನೆ ಶೋಧ, ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಬೇರೆ ಛಾವಣಿಗೂ ಒಯ್ಯುವುದು, ಮನೆಗೆ ಔಷಧದ ನೀರು ಸಿಂಪಡಿಸಿ, ಬಿಸಿಲು ಬೀಳಲೆಂದು ಮಾಳಿಗೆಯನ್ನು ಕಡಿದು ತೆರೆಯುವುದು, ಇವೆಲ್ಲ ನಡೆದವು. ಇವುಗಳಲ್ಲಿ ಕೆಲವು ಯುಕ್ತವಾದವುಗಳೇ. ಆದರೆ ಬೂಟುಗಾಲಿನಿಂದ ನಡುಮನೆಗೂ ದೇವರಮನೆಗೂ ನುಗ್ಗಿದ್ದು, ಪರಪುರುಷರ ಎದುರು ಹೆಣ್ಣುಮಕ್ಕಳ ಪರೀಕ್ಷೆಗೆ ತೊಡಗಿದ್ದು, ಜನರ ಭಾಷೆಯಲ್ಲಿ ತಿಳಿಸಿ ಹೇಳದೆ ಅಪ್ಪಣೆ ಮಾಡಿದ್ದು ಜನರ ಮನಸ್ಸನ್ನು ಕೆಡಿಸಿದವು. ಪುಣೆಯಲ್ಲಿ 1897ರ ಜೂನದಲ್ಲಿ ಪ್ಲೇಗಿನ ಅಧಿಕಾರಿ ರ‍್ಯಾಂಡನ ಮೇಲೆ ಗುಂಡು ಹಾರಿದ್ದು ಈ ಕ್ಷೋಭದ ಫಲ. ಜನರು ರೋಗಕ್ಕಿಂತ ಶೋಧಕ್ಕೆ ಹೆಚ್ಚು ಹೆದರಿದರು. ರೋಗಿಯನ್ನು ಬಚ್ಚಿಟ್ಟರು, ಹೆಣವನ್ನು ರಾತ್ರಿಯಲ್ಲಿ ಸಾಗಿಸಿದರು. ಭಯದಿಂದ ಕಟ್ಟಿದ ಗೋಡೆಯ ಒಳಗೆ ಸತ್ಯವೂ ಅಡಗಿಕೊಳ್ಳುತ್ತದೆ. ಸತ್ಯವು ಅಡಗಿದಲ್ಲಿ ರೋಗಕ್ಕೆ ಅನುಕೂಲ.

ಈಗ ಹಳ್ಳಿಯ ಕಡೆಗೆ ತಿರುಗೋಣ. ಯೆರ್ಸಿನ್ ಯಾರು, ಸಿಮೊಂಡ್ ಯಾರು ಎಂಬುದನ್ನು ಅರಿಯದ ಒಕ್ಕಲು ಮಕ್ಕಳು ಒಂದು ಸಂಗತಿಯನ್ನು ಬಲು ಬೇಗನೆ ಕಂಡುಕೊಂಡರು. ‘ಇಲಿ ಬಿದ್ದವು’ ಎಂಬ ಎರಡು ಶಬ್ದಗಳು ಊರೊಳಗೆ ಹರಡಿದರೆ ಸಾಕು, ಊರು ಬಿಡುವ ಸಿದ್ಧತೆ ಆರಂಭವಾಗುತ್ತಿತ್ತು. ನಡುಮನೆಯಲ್ಲಿ ಇಲಿಯೊಂದು ತೂರಾಡುತ್ತ ಬಂದು ಸುತ್ತು ತಿರುಗಿ ಬಿದ್ದು ಸತ್ತರೆ, ಆ ಮನೆಯವರು ಪಂಚಾಂಗವನ್ನು ಕೇಳುತ್ತ ಕೂಡ್ರುತ್ತಿರಲಿಲ್ಲ. ಜೋಳದ ಸೊಪ್ಪೆ, ತೊಗರಿಯ ಕಟ್ಟಿಗೆ, ಬಿದಿರು, ಗೋಣಿತಟ್ಟು ಏನು ಸಿಕ್ಕರೆ ಅದನ್ನು ಹೇರಿಕೊಂಡು ತಮ್ಮ ತಮ್ಮ ಹೊಲಗಳಿಗೆ ನಡೆಯುತ್ತಿದ್ದರು. ಹೊಲದ ಬದುವಿನ ಮೇಲೆ ಗುಡಿಸಲು, ಅದರ ಮುಂದೆ ಮೂರು ಕಲ್ಲಿನ ಒಲೆ, ಬೇವಿನ ಗಿಡದ ಕೆಳಗೆ ಎತ್ತು. ನೆರೆಮನೆಗೂ ತನ್ನ ಮನೆಗೂ ನಡುವೆ ಒಂದು ಹೊಲದಷ್ಟು ಅಂತರ. ಊರಿನಲ್ಲಿ ನೂರಾರು ವರ್ಷಗಳಿಂದ ಗೋಡೆಗೆ ಗೋಡೆ ಹತ್ತಿಸಿ ಬಾಳಿದ ಜನರು ಒಂದು ವಾರದೊಳಗೆ ಗಾಳಿಬೆಳಕಿನ ಬಯಲಿನಲ್ಲಿ ಚದರಿದರು. ಇಲಿಯಿಲ್ಲದ ಹೊಸ ಗುಡಿಸಲಿನಲ್ಲಿ ಚಿಗಟಕ್ಕೆ ಆಶ್ರಯವಿಲ್ಲ. ಮುಂದೆ ಪಂಡಿತರ ಮಂಡಲಿಗಳು ಯಾವುದನ್ನು ಉಪಾಯಗಳಲ್ಲಿ ಉತ್ತಮವಾದುದೆಂದು ಒಪ್ಪಿಕೊಂಡವೋ, ಅದನ್ನು ಹಳ್ಳಿಯವರು ಮೊದಲೇ ಆಚರಣೆಗೆ ತಂದಿದ್ದರು.

ಆದರೆ ಈ ವನವಾಸವು ಸುಖದ್ದಲ್ಲ. ರೋಗದ ಕಾಲವೇ ಮಳೆಯ ಕಾಲ. ಕರಿಯ ಎರೆಮಣ್ಣು ಕೆಸರಾಗಿ, ಸೊಪ್ಪೆಯ ಮಾಡು ಸೋರಿ, ಹಸುಗೂಸುಗಳೂ ಬಾಣಂತಿಯರೂ ತೊಯ್ದ ನೆಲದಲ್ಲಿ ಮಲಗಬೇಕಾಗುತ್ತಿತ್ತು. ಪ್ಲೇಗಿನಿಂದ ಪಾರಾದವರು ಚಳಿಜ್ವರಕ್ಕೆ ಸಿಕ್ಕುವುದುಂಟು. ಸುಗ್ಗಿಯ ಕಾಲಕ್ಕೆ ಕಣವಿದ್ದರೆ ಆಳಿಲ್ಲ, ಆಳಿದ್ದರೆ ಸಂತೆಯಿಲ್ಲ. ಬೀಗ ಹಾಕಿ ಬಂದ ಮನೆಗಳಲ್ಲಿ ಕಳ್ಳತನ. ಹಗೇವಿನ ಜೋಳದ ಕಾವಲಿಗೆಂದು ಮುದುಕರೊಬ್ಬರು ಊರಲ್ಲಿ ಉಳಿಯುವುದೂ, ಹೊಲದಲ್ಲಿದ್ದವರಿಗೆ ಕಾಳು ಸಾಲದೆ ಬಂದಾಗ ಮನೆಮಗನು ಕದ್ದು ಊರೊಳಗೆ ಹೋಗಿ ಚೀಲ ಹೊತ್ತು ತರುವುದೂ, ಆ ಚೀಲದೊಡನೆಯೇ ಬೇನೆಯು ಗುಡಿಸಲಿಗೆ ಬರುವುದೂ ಆ ಕಾಲದ ಸಾಮಾನ್ಯ ದುರ್ದೈವಗಳು. ಹೊಲವುಳ್ಳವನು ತನ್ನ ಹೊಲಕ್ಕೆ ಹೋದನು. ಹೊಲವಿಲ್ಲದ ನೇಕಾರ, ಕೂಲಿಕಾರ, ಸಣ್ಣ ಅಂಗಡಿಕಾರ ಇವರು ಎಲ್ಲಿಗೆ ಹೋಗಬೇಕು? ಅವರು ಊರ ಹೊರಗಿನ ಗಾವಠಾಣದಲ್ಲಿಯೋ, ಪರರ ದಾಕ್ಷಿಣ್ಯದ ಮೇಲೆ ಬದುವಿನಲ್ಲಿಯೋ ನಿಂತರು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವೆಂಬ ಕಾದಂಬರಿಯನ್ನು ಓದಿದವರು, ಹಳೆಯ ಮೈಸೂರು ಸೀಮೆಯ ಹಳ್ಳಿಯೊಂದು ಹೀಗೆಯೇ ಊರು ಬಿಟ್ಟು ಗುಡಿಸಲು ಹಾಕಿದ ಚಿತ್ರವನ್ನೂ, ಆ ಬೇನೆಯು ಒಂದು ಮನೆಯನ್ನು ಹಾಳುಗೆಡವಿದ ಬಗೆಯನ್ನೂ ಮರೆಯಲಾರರು.

ಊರು ಬಿಡುವ ಈ ಪದ್ಧತಿಗೆ ನಮ್ಮ ನಾಡಿನಲ್ಲಿ ಹಳೆಯ ಬೇರು ಇರುವಂತೆ ಕಾಣುತ್ತದೆ. ಕರ್ನಾಟಕದ ಅನೇಕ ಹಳ್ಳಿಗಳಲ್ಲಿ ‘ಹೊರಬೀಡು’ ಎಂಬ ಆಚರಣೆಯುಂಟು. ಗೊತ್ತು ಮಾಡಿದ ದಿವಸ ಬೆಳಗಾಗುವುದರೊಳಗೆ ಮನುಷ್ಯರೂ ದನಕರುಗಳೂ ಸಹಿತ ಊರನ್ನು ಬರಿದು ಮಾಡಿ, ದಾರಿಗೆ ಮುಳ್ಳು ಹಚ್ಚಿ, ಹೊಲದಲ್ಲಿಯೇ ಅಡಿಗೆ ಮಾಡಿ ಉಂಡು, ಸಂಜೆಗೆ ಊರದೇವತೆಯನ್ನು ಪೂಜಿಸಿ ಒಳಗೆ ಬರುತ್ತಾರೆ. ಒಲೆಯಲ್ಲಿ ಬೆಂಕಿಯಿಲ್ಲದೆ, ಮನೆಯಲ್ಲಿ ಉಸಿರಿಲ್ಲದೆ ಊರು ಒಂದು ಹಗಲು ಸುಮ್ಮನೆ ಬಿದ್ದಿರುತ್ತದೆ. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ಆಪತ್ಕಾಲಕ್ಕೆ ಊರನ್ನು ಹೇಗೆ ಬಿಡಬೇಕು, ಮುದುಕರನ್ನು ಹೇಗೆ ಒಯ್ಯಬೇಕು, ಹೊಲದಲ್ಲಿ ಹೇಗೆ ಒಲೆ ಹೂಡಬೇಕು ಎಂಬ ಶಿಕ್ಷಣವು ಆ ಆಚರಣೆಯಿಂದ ಮಕ್ಕಳಿಗೆ ದೊರೆಯುತ್ತಿತ್ತೆಂಬುದನ್ನೂ ಲಕ್ಷಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವುಂಟು. ಕೋಟೆಯೆಂಬುದು ವೈರಿಗೂ ಊರಿಗೂ ನಡುವಿನ ಗೆರೆ ಮಾತ್ರವಾಗಿರಲಿಲ್ಲ. ಅದು ಊರಿನವರ ನಡುವೆಯೂ ಎಳೆದ ಗೆರೆಯಾಗಿತ್ತು. ಅಸ್ಪೃಶ್ಯರೆಂದು ದೂರ ಇರಿಸಲ್ಪಟ್ಟವರ ಕೇರಿಗಳು ಅಗಸಿಯ ಹೊರಗಿದ್ದವು. ದಂಡು ಬಂದಾಗ ಮೊದಲ ಪೆಟ್ಟು ಅವರಿಗೆ. ಗೋಡೆಯನ್ನು ಕಟ್ಟುವ, ಕಂದಕವನ್ನು ತೋಡುವ ದುಡಿತವೂ ಬಹುಮಟ್ಟಿಗೆ ಅವರಂಥವರದೇ. ಪ್ಲೇಗು ಬಂದಾಗ ಏನಾಯಿತು? ಒಳಗಿದ್ದವರೆಲ್ಲ ಹೊರಗೆ ಬಂದರು. ಗೌಡನೂ ಬಂದನು, ಶಾನಭೋಗನೂ ಬಂದನು, ಸಾಹುಕಾರನೂ ಬಂದನು. ಯಾವ ಬಯಲನ್ನು ಅಪವಿತ್ರವೆಂದು ಬಗೆದಿದ್ದರೋ ಅದೇ ಬಯಲು ಎಲ್ಲರ ಪ್ರಾಣಕ್ಕೆ ಆಶ್ರಯವಾಯಿತು. ಆದರೂ ಗೆರೆಯು ಅಳಿಸಿಹೋಗಲಿಲ್ಲ. ಸತ್ತ ಇಲಿಗಳನ್ನು ಎತ್ತುವ, ವಾರಸುದಾರರಿಲ್ಲದ ಹೆಣಗಳನ್ನು ಸಾಗಿಸುವ ಕೆಲಸವನ್ನು ಹೊರಗೇರಿಯವರ ಪಾಲಿಗೇ ಬಿಟ್ಟರು. ಅವರ ಪಾಲಿಗೆ ರೋಗವೂ ಅದರೊಡನೆಯೇ ಬಂದಿತು. ಗೋಡೆಯನ್ನು ದಾಟಿ ಹೊರಗೆ ಬಂದ ಜನರು ಮನಸ್ಸಿನೊಳಗಿನ ಗೋಡೆಯನ್ನು ಗಂಟು ಕಟ್ಟಿಕೊಂಡು ಬಂದಿದ್ದರು ಎಂಬುದೇ ಆ ಕಾಲದ ಕಥೆಯಲ್ಲಿ ಅತ್ಯಂತ ವ್ಯಸನಕರವಾದ ಭಾಗ.

ಇದು ನಮ್ಮ ನಾಡಿನ ಮಾತಷ್ಟೇ ಅಲ್ಲ. ಗ್ರೀಕರ ಆಥೆನ್ಸ್ ಪಟ್ಟಣದಲ್ಲಿ ಕ್ರಿಸ್ತಪೂರ್ವ 430ರಲ್ಲಿ ಶತ್ರುಭಯದಿಂದ ಹಳ್ಳಿಗರನ್ನೆಲ್ಲ ಕೋಟೆಯ ಒಳಗೆ ತುಂಬಿಕೊಂಡರು. ಶತ್ರುವು ಗೋಡೆಯನ್ನು ದಾಟಲಿಲ್ಲ. ಸಾಂಕ್ರಾಮಿಕ ರೋಗವು ಒಳಗೇ ಎದ್ದು, ಇಕ್ಕಟ್ಟಿನ ಗುಡಿಸಲುಗಳಲ್ಲಿದ್ದ ಆ ಜನರನ್ನೇ ಹೆಚ್ಚಾಗಿ ಕೊಂದಿತು. ಆ ಉಪಾಯವನ್ನು ಹೇಳಿದ ನಾಯಕ ಪೆರಿಕ್ಲಿಸನೂ ಮರುವರ್ಷ ಅಳಿದನು. ಆ ರೋಗವು ಯಾವುದೆಂಬುದರಲ್ಲಿ ಪಂಡಿತರಿಗೆ ಮತಭೇದವಿದ್ದರೂ ಪಾಠದಲ್ಲಿ ಭೇದವಿಲ್ಲ. ಇನ್ನು ಫ್ರಾನ್ಸ್ ದೇಶದಲ್ಲಿ, 1720ರಲ್ಲಿ ಮಾರ್ಸೇಲ್ಸ್ ಬಂದರಕ್ಕೆ ಹಡಗೊಂದರ ಮೂಲಕ ಪ್ಲೇಗು ಬಂದಾಗ, ಮರುವರ್ಷ ಪ್ರೊವಾನ್ಸ್ ಪ್ರಾಂತದ ಗುಡ್ಡಗಳಲ್ಲಿ ಸುಮಾರು 27 ಕಿಲೋಮೀಟರ್ ಉದ್ದದ ಕಲ್ಲಿನ ಗೋಡೆಯನ್ನು ಕೇವಲ ರೋಗಕ್ಕಾಗಿಯೇ ಕಟ್ಟಿಸಿದರು. ಪೋಪರ ಆಳಿಕೆಯ ಆವಿನ್ಯೋ ಸೀಮೆಯೊಳಕ್ಕೆ ರೋಗವು ಬಾರದಿರಲೆಂಬುದು ಉದ್ದೇಶ. ಗೋಡೆ ಮುಗಿಯುವಷ್ಟರಲ್ಲಿ ರೋಗವು ಆವಿನ್ಯೋ ಪಟ್ಟಣದಲ್ಲಿಯೇ ಕಾಣಿಸಿಕೊಂಡಿತು. ಆಗ ಪೋಪರ ಕಾವಲುಗಾರರು ಹೋಗಿ ಫ್ರಾನ್ಸಿನ ಸಿಪಾಯಿಗಳು ನಿಂತರು. ಹೊರಗಿನವರನ್ನು ತಡೆಯಲು ಕಟ್ಟಿದ ಗೋಡೆಯು ಒಳಗಿನವರನ್ನು ತಡೆಯುವ ಗೋಡೆಯಾಯಿತು.

ಹಾಗಾದರೆ ತಡೆಯೇ ಬೇಡವೆ? ಅಂತರವನ್ನು ಕಾಯುವುದೇ ಬೇಡವೆ? ಹಾಗಲ್ಲ. ಹೊಲದ ಗುಡಿಸಲು ಸಹ ಅಂತರವೇ. ಆದರೆ ಅದು ರೋಗದಿಂದ ಅಂತರ, ಮನುಷ್ಯನಿಂದ ಅಲ್ಲ. ಹುಬ್ಬಳ್ಳಿಯ ಉದಾಹರಣೆಯು ಇದನ್ನು ಇನ್ನಷ್ಟು ವಿಶದಪಡಿಸುತ್ತದೆ. 1897ರ ಜನವರಿಯಲ್ಲಿ ಹಾಫ್ಕಿನ್ ಎಂಬ ಶಾಸ್ತ್ರಜ್ಞನು ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿ, ಮೊದಲು ತನ್ನ ಮೈಗೇ ಚುಚ್ಚಿಕೊಂಡನು. ಮರುವರ್ಷ ಹುಬ್ಬಳ್ಳಿಯಲ್ಲಿ ರೋಗವು ಹೆಚ್ಚಿದಾಗ, ಮಳೆಯಲ್ಲಿ ಊರೆಲ್ಲವನ್ನೂ ಹೊರಗೆ ಸಾಗಿಸುವುದು ದುಸ್ತರವಾಯಿತು. ಆಗ ಲ್ಯೂಮನ್ ಎಂಬ ವೈದ್ಯಾಧಿಕಾರಿಯು ಲಸಿಕೆಯ ಕೆಲಸವನ್ನು ಕೈಗೊಂಡನು. ಆರಂಭದಲ್ಲಿ ಅಂಜಿದ ಜನರು, ಚುಚ್ಚಿಸಿಕೊಂಡವರು ಉಳಿಯುವುದನ್ನು ಕಣ್ಣಾರೆ ಕಂಡಮೇಲೆ ತಾವಾಗಿ ಬರತೊಡಗಿ, ಕೆಲವೇ ತಿಂಗಳುಗಳಲ್ಲಿ ಹತ್ತಾರು ಸಾವಿರ ಜನರು ಲಸಿಕೆಯನ್ನು ತೆಗೆದುಕೊಂಡರು. ಪುಣೆಯಲ್ಲಿ ಬಲಾತ್ಕಾರದಿಂದ ಆಗದ ಕೆಲಸವು ಹುಬ್ಬಳ್ಳಿಯಲ್ಲಿ ನಂಬಿಕೆಯಿಂದ ಆಯಿತು. ಊರ ಸುತ್ತಲಿನ ಕೋಟೆಯು ಒಬ್ಬೊಬ್ಬರ ದೇಹದೊಳಕ್ಕೆ ಬಂದಿತು. ಅದನ್ನು ಕಟ್ಟಲು ಹೊರಗಿನವರೆಂದು ಯಾರನ್ನೂ ದೂಡಬೇಕಾಗಲಿಲ್ಲ.

ಬೆಂಗಳೂರಿನಲ್ಲಿ ಇನ್ನೊಂದು ರೀತಿಯ ಪರಿಣಾಮವಾಯಿತು. ಕೆಂಪೇಗೌಡನು 1537ರ ಸುಮಾರಿಗೆ ಕಟ್ಟಿದ ಪೇಟೆಯ ಮಣ್ಣುಗೋಡೆಯು 1898ಕ್ಕೆ ಮೊದಲೇ ಅಳಿದಿದ್ದರೂ, ಆ ಗೋಡೆಯು ಹುಟ್ಟಿಸಿದ ಇಕ್ಕಟ್ಟು ಹಾಗೆಯೇ ಉಳಿದಿತ್ತು. ಪ್ಲೇಗಿನ ಪೆಟ್ಟಿನಿಂದ ಎಚ್ಚತ್ತ ಮೈಸೂರು ಸರಕಾರವು ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳನ್ನು ಏರ್ಪಡಿಸಿತು. ನೇರವಾದ ಬೀದಿಗಳು, ಮನೆಯ ಸುತ್ತ ಬಯಲು, ಗಾಳಿ, ಬೆಳಕು, ಚರಂಡಿ. ಕರ್ನಾಟಕದ ಪಟ್ಟಣಗಳು ಕೋಟೆಯನ್ನು ಮರೆತು ಬಯಲಿನಲ್ಲಿ ಬೆಳೆಯುವ ವಿದ್ಯೆಯನ್ನು ಕಲಿತುದರಲ್ಲಿ ಈ ಮಹಾಮಾರಿಯ ಪಾಲು ಸಣ್ಣದಲ್ಲ.

ಗೋಡೆಯಿಂದಲೂ ಅಲ್ಲ, ಕಾಯಿದೆಯಿಂದಲೂ ಅಲ್ಲ, ಕೇವಲ ಮನುಷ್ಯತ್ವದಿಂದ ಎದ್ದು ನಿಂತವರೂ ಆ ಕಾಲದಲ್ಲಿದ್ದರು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ಪ್ಲೇಗಿನ ರೋಗಿಗಳ ಶುಶ್ರೂಷೆಯಲ್ಲಿ ತೊಡಗಿ, ಆ ಬೇನೆಯೇ ತಮಗೂ ತಗಲಿ, 1897ರ ಮಾರ್ಚ್ 10ರಂದು ದೇಹವಿಟ್ಟರು. ಅವರಷ್ಟು ಹೆಸರಾಗದೆ, ಹಳ್ಳಿಹಳ್ಳಿಗಳಲ್ಲಿ ಅನಾಥ ರೋಗಿಯ ಬಾಯಿಗೆ ಗಂಜಿಯನ್ನು ಹಾಕಿದ, ಹೆಣಕ್ಕೆ ಹೆಗಲು ಕೊಟ್ಟ, ತಬ್ಬಲಿ ಮಕ್ಕಳನ್ನು ತಮ್ಮ ಮಕ್ಕಳೊಡನೆ ಬೆಳೆಸಿದ ತಾಯಿತಂದೆಗಳು ಎಷ್ಟೋ. ಯಾವ ಬುರುಜಿನ ಮೇಲೆಯೂ ಅವರ ಶಾಸನವಿಲ್ಲ.

ಇಂದು ಪ್ಲೇಗಿಗೆ ಔಷಧವುಂಟು. ಬೇಗನೆ ತಿಳಿದರೆ ರೋಗಿಯು ಬದುಕುತ್ತಾನೆ. 1994ರಲ್ಲಿ ಸೂರತ್ ಪಟ್ಟಣದಲ್ಲಿ ಅದರ ಸುದ್ದಿ ಎದ್ದಾಗ ಲಕ್ಷಾಂತರ ಜನರು ಊರು ಬಿಟ್ಟು ಓಡಿದರಾದರೂ, ಬಲಿಯಾದವರು ಹಿಂದಿನ ಲೆಕ್ಕಕ್ಕೆ ಅತ್ಯಲ್ಪ. ಕೋಟೆಗಳ ಕಾಲವೂ ಮುಗಿಯಿತು. ಬಂಕಾಪುರದ ಕೋಟೆಯಲ್ಲಿ ಈಗ ನವಿಲುಗಳು ವಾಸವಾಗಿವೆ. 2006ರಿಂದ ಅದು ನವಿಲುಧಾಮವೆನಿಸಿದೆ. ಆದರೆ ಕೋಟೆಯ ಬುದ್ಧಿಯು ಅಷ್ಟು ಸುಲಭವಾಗಿ ಹಾಳಾಗುವುದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ರೋಗವು ಹಬ್ಬಿದಾಗ ಕರ್ನಾಟಕದ ಎಷ್ಟೋ ಹಳ್ಳಿಗಳು ತಮ್ಮ ದಾರಿಗೆ ಮುಳ್ಳುಕಂಟಿಗಳನ್ನು ಹಚ್ಚಿದುದನ್ನೂ, ಕೆಲವೆಡೆ ರಸ್ತೆಯನ್ನೇ ಅಗೆದುದನ್ನೂ ಎಲ್ಲರೂ ಬಲ್ಲರು. ನೂರು ವರ್ಷಗಳ ಹಿಂದೆ ಕೆಡವಿದ ಅಗಸಿಯು ಒಂದು ರಾತ್ರಿಯಲ್ಲಿ ಎದ್ದು ನಿಂತಿತು. ಅದರ ಹೊರಗೆ ನಿಂತವರು ಯಾರು? ದುಡಿಯಲು ಬೆಂಗಳೂರಿಗೂ ಗೋವೆಗೂ ಹೋಗಿ, ಕೆಲಸ ಕಳೆದುಕೊಂಡು, ನಡೆದು ನಡೆದು ಹುಟ್ಟಿದೂರಿಗೆ ಬಂದ ಅದೇ ಊರಿನ ಮಕ್ಕಳು. ಅವರನ್ನು ಕೆಲವು ಊರುಗಳು ಮುಳ್ಳಿನಾಚೆಗೇ ತಡೆದವು. ಬೇರೆ ಕೆಲವು ಊರುಗಳು ಶಾಲೆಯ ಕಟ್ಟಡದಲ್ಲಿಯೋ ಹೊಲದ ಮನೆಯಲ್ಲಿಯೋ ಹದಿನಾಲ್ಕು ದಿವಸ ಇರಿಸಿ, ಅನ್ನ ನೀರು ಮುಟ್ಟಿಸಿ, ಆ ಮೇಲೆ ಮನೆಗೆ ಕರೆದುಕೊಂಡವು. ಎರಡೂ ಬಗೆಯವರು ಅಂತರವನ್ನು ಕಾಯ್ದರು. ಆದರೆ ಮೊದಲಿನವರು ಕಟ್ಟಿದ್ದು ಕೋಟೆ. ಎರಡನೆಯವರು ಹಾಕಿದ್ದು ಹೊಲದ ಗುಡಿಸಲು.

ಶರಣ ಬಂಧುಗಳೇ, ಹಳೆಯ ಕೋಟೆಗಳನ್ನು ಕಟ್ಟಿದವರನ್ನು ನಿಂದಿಸಲು ಕಾರಣವಿಲ್ಲ. ಕತ್ತಿ ಹಿಡಿದು ಬಂದವನಿಗೆ ಅವರು ತಕ್ಕ ಉತ್ತರವನ್ನು ಕೊಟ್ಟರು. ಆದರೆ ಎಲ್ಲ ಭಯಕ್ಕೂ ಒಂದೇ ಗೋಡೆಯೆಂದು ತಿಳಿದಲ್ಲಿ ಕೇಡು ಸಂಭವಿಸಿತು. ರೋಗದ ಕಾಲಕ್ಕೆ ಕೇಳಬೇಕಾದ ಪ್ರಶ್ನೆಯು ಬಾಗಿಲನ್ನು ಮುಚ್ಚಬೇಕೆ, ತೆರೆಯಬೇಕೆ ಎಂಬುದಷ್ಟೇ ಅಲ್ಲ; ಬಾಗಿಲ ಹೊರಗೆ ನಿಂತವನಿಗೆ ಅನ್ನವನ್ನೂ ನೆರಳನ್ನೂ ಯಾರು ಮುಟ್ಟಿಸುತ್ತಾರೆ ಎಂಬುದು. ಮಠಗಳಲ್ಲಿ ದಾಸೋಹವು ನಡೆದುಬಂದಿರುವುದು ಈ ಪ್ರಶ್ನೆಗೆ ಉತ್ತರವಾಗಿಯೇ. ಮುಂದೆ ಯಾವ ಹೆಸರಿನ ಮಹಾಮಾರಿಯು ಬಂದರೂ, ಈ ಸೀಮೆಯ ಊರುಗಳು ಮೊದಲು ಸತ್ಯವನ್ನು ಬಚ್ಚಿಡದೆ ಹೇಳಲಿ, ವೈದ್ಯನ ಮಾತನ್ನು ಕೇಳಲಿ, ಅಗತ್ಯವಿದ್ದಷ್ಟು ಅಂತರವನ್ನು ಕಾಯಲಿ. ಮತ್ತು ಹೊರಗೆ ನಿಂತವನು ತಮ್ಮವನೇ ಎಂಬುದನ್ನು ಮರೆಯದಿರಲಿ. ಇಷ್ಟು ಸಾಧ್ಯವಾದರೆ ಕೆಡೆದ ಕೋಟೆಗಳಿಗಾಗಿ ಯಾರೂ ಮರುಗಬೇಕಾಗಿಲ್ಲ.